ಮುಟ್ಟಬಾರದ ಕಲ್ಲು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೊಸದಾಗಿ ಹೋದವರನ್ನು ಮೊದಲು ಎದುರುಗೊಳ್ಳುವುದು ಊರಿನ ಜನರಲ್ಲ, ಉಳಿಯ ಸದ್ದು. ಬೀದಿಯ ಬದಿಯಲ್ಲಿ ಚಪ್ಪರಗಳು. ಅವುಗಳ ನೆರಳಿನಲ್ಲಿ ಅರೆಬಿಡಿಸಿದ ಗಣಪತಿ, ಮುಖ ಮೂಡಿ ಕೈ ಮೂಡದ ವೆಂಕಟರಮಣ, ಬೆನ್ನಷ್ಟೇ ಸಿದ್ಧವಾದ ನಂದಿ. ತಲೆತಲಾಂತರದಿಂದ ಕಲ್ಲನ್ನು ನಂಬಿ ಬಾಳಿದ ಊರು ಇದು. ಇಲ್ಲಿ ರೂಪು ತಳೆದ ವಿಗ್ರಹಗಳು ನಾಡಿನ ಎಷ್ಟೋ ಗುಡಿಗಳಲ್ಲಿ ನಿಂತು ಪೂಜೆ ಕೊಳ್ಳುತ್ತಿವೆ.

ಕಲ್ಲಿಗೆ ಬಡತನವಿಲ್ಲದ ಈ ಸೀಮೆಯಲ್ಲಿ ನೀರಿಗೆ ಮಾತ್ರ ಸದಾ ಬಡತನ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲ. ಹಿಂದಿನವರು ಕಟ್ಟಿಸಿದ ಕೆರೆಗಳೇ ಗತಿ. ಅವೂ ಬತ್ತಿದರೆ ಸಾವಿರ ಅಡಿಯನ್ನೂ ಮೀರಿದ ಕೊಳವೆ ಬಾವಿಗಳು. ಬೆಂಗಳೂರು ನಗರ ಬಳಸಿ ಬಿಟ್ಟ ನೀರನ್ನು ಶುದ್ಧಿಮಾಡಿ ಇಲ್ಲಿಯ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಮೊದಲಾದ ಮೇಲೆ, ಬಹುಕಾಲ ಒಣಗಿದ್ದ ಕೆಲವು ಅಂಗಳಗಳಲ್ಲಿ ಮತ್ತೆ ಅಲೆ ಕಂಡಿತು. ಆದರೂ ಈಜು ಕಲಿಯದೆಯೇ ತಲೆ ನರೆತವರು ಈ ಕಡೆ ಅಪರೂಪವಲ್ಲ.

ಇಂಥ ಊರಿನ ಅಣ್ಣತಮ್ಮಂದಿರಿಬ್ಬರಿಗೆ ಕಡಲಿನ ತಳವನ್ನು ನೋಡುವ ಆಸೆ ಹುಟ್ಟಿತೆಂದರೆ ಯಾರಿಗಾದರೂ ನಗೆ ಬಂದೀತು. ಆದರೆ ಆಸೆಗೆ ಕಾರಣವಿಲ್ಲದಿರಲಿಲ್ಲ. ಒಂದು ಪ್ರಭಾವಳಿಯ ಕೆಲಸ ಮನೆಗೆ ಬಂದಿತ್ತು. ಅದರ ಸುತ್ತ ದಶಾವತಾರಗಳು ಮೂಡಬೇಕು, ಮೊದಲನೆಯದು ಮತ್ಸ್ಯ. ತಮ್ಮ ಉಳಿ ಹಿಡಿದು ಕುಳಿತವನು ಅರ್ಧಕ್ಕೇ ನಿಲ್ಲಿಸಿದ.

“ಅಣ್ಣಾ, ನಾವು ಮೀನನ್ನ ನೋಡಿರೋದು ಸಂತೆ ಬುಟ್ಟೀಲಿ ತಾನೆ? ಬದುಕಿರೋ ಮೀನು ಹೇಗೆ ತಿರುಗುತ್ತೆ, ಬಾಲ ಹೇಗೆ ಬಳುಕಿಸುತ್ತೆ, ನಮ್ಮಲ್ಲಿ ಯಾರು ಕಂಡಿದಾರೆ?”

“ಅಳತೆ ಶಾಸ್ತ್ರದಲ್ಲಿದೆಯಲ್ಲೋ” ಎಂದ ಅಣ್ಣ.

“ಅಳತೆ ಇದೆ, ಅಣ್ಣಾ. ತಿರುಗೋದು ಇಲ್ಲ.”

ಅಣ್ಣನಿಗೆ ಮೂವತ್ತನಾಲ್ಕು ವರ್ಷ. ಹದಿನಾರನೆಯ ವಯಸ್ಸಿನಿಂದ ಕಲ್ಲಿನ ಮುಂದೆ ಕುಳಿತವನು. ತಮ್ಮ ಅವನಿಗಿಂತ ಹತ್ತು ವರ್ಷ ಕಿರಿಯ. 2022ರಲ್ಲಿ ತೆರೆಗೆ ಬಂದ ‘ಗಂಧದಗುಡಿ’ ಚಿತ್ರದಲ್ಲಿ ನಟ ಪುನೀತ್ ರಾಜ್‌ಕುಮಾರ್ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿಯ ಕಡಲಿಗೆ ಇಳಿದುದನ್ನು ಅವನು ನೋಡಿದ್ದ. ಆ ನಟ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದುದರಿಂದ ಆ ದೃಶ್ಯ ಅವನ ಮನಸ್ಸಿನಲ್ಲಿ ಇನ್ನಷ್ಟು ಆಳವಾಗಿ ನಿಂತಿತ್ತು. ಕಡಲ ತಳವನ್ನು ಕಾಣಲು ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಬೇಕಾಗಿಲ್ಲ, ಕನ್ನಡನಾಡಿನ ಕರಾವಳಿಯಲ್ಲೇ ಅಂಥ ದ್ವೀಪವೊಂದುಂಟು ಎಂಬುದು ಅವನಿಗೆ ತಿಳಿದುದು ಆಗಲೇ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ ಅರಬ್ಬೀ ಸಮುದ್ರದಲ್ಲಿದೆ ನೇತ್ರಾಣಿ. ಪಾರಿವಾಳಗಳು ಅದರ ಬಂಡೆಗಳಲ್ಲಿ ಮನೆಮಾಡಿರುವುದರಿಂದ ಪಾರಿವಾಳ ಗುಡ್ಡವೆಂದೂ ಹೆಸರು. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಸುತ್ತಲ ನೀರಿನಲ್ಲಿ ಹವಳ ಬೆಳೆದಿದೆ; ಹವಳವನ್ನು ಆಶ್ರಯಿಸಿ ಬಗೆಬಗೆಯ ಮೀನು ನೆಲೆಸಿದೆ. ಮಳೆಗಾಲದ ನಾಲ್ಕು ತಿಂಗಳು ಕಡಲು ಯಾರನ್ನೂ ಹತ್ತಿರ ಸೇರಿಸದು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮುಳುಗುವವರ ಸುಗ್ಗಿ. ಅದರಲ್ಲಿಯೂ ಡಿಸೆಂಬರು–ಜನವರಿಯ ತಿಳಿನೀರು ಲೇಸು.

ಒಂದು ಜನವರಿಯ ಸಂಜೆ ಅಣ್ಣತಮ್ಮಂದಿರು ಮಾಲೂರಿನಲ್ಲಿ ರೈಲು ಹತ್ತಿದರು. ಇಬ್ಬರ ಬೆನ್ನಿಗೂ ಒಂದೊಂದು ಚೀಲ. ಎರಡು ಜೊತೆ ಬಟ್ಟೆ, ಟವೆಲು, ಹೊದಿಕೆ, ಅಮ್ಮ ಕಟ್ಟಿಕೊಟ್ಟ ಚಪಾತಿ ಮತ್ತು ಹುಚ್ಚೆಳ್ಳಿನ ಚಟ್ನಿಪುಡಿ. ತಮ್ಮನ ಚೀಲದಲ್ಲಿ ಒಂದು ಚಿತ್ರಪುಸ್ತಕ ಮತ್ತು ಪೆನ್ಸಿಲು. ಅಣ್ಣನ ಚೀಲದಲ್ಲಿ ಕೆಮ್ಮಿನ ಔಷಧದ ಬಾಟಲಿ. ಹಗುರವಾದ ಚೀಲವೇ ಯಾತ್ರಿಕನ ಬಂಧು. ಹೊರೆ ಕಡಿಮೆಯಾದಷ್ಟೂ ಎಲ್ಲಿ ಬೇಕಾದರೂ ಇಳಿಯಬಹುದು, ಅಗ್ಗದ ಕೋಣೆಯಲ್ಲಿ ತಂಗಬಹುದು, ಬಸ್ಸು ತಪ್ಪಿದರೆ ನಡೆಯಬಹುದು.

ಬೆಂಗಳೂರಿನಲ್ಲಿ ಬದಲಾಯಿಸಿದ ರಾತ್ರಿಯ ರೈಲು ಹಾಸನವನ್ನು ದಾಟಿ ಸಕಲೇಶಪುರದಿಂದ ಘಟ್ಟವನ್ನಿಳಿಯಿತು. ಸುಬ್ರಹ್ಮಣ್ಯದವರೆಗಿನ ಈ ಹಾದಿಯಲ್ಲಿ 57 ಸುರಂಗಗಳು, 109 ಸೇತುವೆಗಳು. ಕತ್ತಲಲ್ಲಿ ಕಣ್ಣಿಗೆ ಕಾಣುವುದೇನೂ ಇಲ್ಲದಿದ್ದರೂ ಕಿವಿಗೆ ತಿಳಿಯುತ್ತದೆ: ಸುರಂಗ ಬಂದಾಗ ಗಾಲಿಯ ಸದ್ದು ಮೈಮೇಲೇ ಬಿದ್ದಂತೆ, ಸೇತುವೆ ಬಂದಾಗ ಕೆಳಗೆ ನೆಲವೇ ಇಲ್ಲದಂತೆ. ತಮ್ಮ ಸುರಂಗಗಳನ್ನು ಎಣಿಸುತ್ತ ಎಣಿಸುತ್ತ ಹತ್ತೊಂಬತ್ತಕ್ಕೆ ನಿದ್ದೆಹೋದ. ಅಣ್ಣನಿಗೆ ಕೆಮ್ಮು ನಿದ್ದೆ ಕೊಡಲಿಲ್ಲ. ಬೆಳಗಾಗುವ ಹೊತ್ತಿಗೆ ಕೊಂಕಣ ರೈಲುಹಾದಿಯ ಎರಡೂ ಬದಿ ತೆಂಗು, ಗದ್ದೆ, ಉಪ್ಪುನೀರಿನ ಹಿನ್ನೀರು.

ಮುರುಡೇಶ್ವರದಲ್ಲಿ ಇಬ್ಬರ ಕಣ್ಣೂ ಮೊದಲು ಹೋದುದು ಕಡಲಿನ ಕಡೆಗಲ್ಲ. ಮೂರು ಕಡೆ ಸಮುದ್ರ ಸುತ್ತಿದ ಕಂದುಕಗಿರಿಯ ಮೇಲೆ 123 ಅಡಿ ಎತ್ತರದ ಶಿವ. ಎದುರಿಗೆ 20 ಅಂತಸ್ತಿನ ರಾಜಗೋಪುರ. ಶಿಲ್ಪಿಯ ಕಣ್ಣು ದೇವರನ್ನು ಕಾಣುವ ಮೊದಲು ಕೆಲಸವನ್ನು ಕಾಣುತ್ತದೆ.

“ಕಲ್ಲಲ್ಲ, ಕಾಂಕ್ರೀಟು” ಎಂದು ಅಣ್ಣ ಮೊದಲು ಮೂಗು ಮುರಿದ. ಸ್ವಲ್ಪ ಹೊತ್ತಿನ ಮೇಲೆ, “ಆದರೂ ಮಂಡಿಯ ಅಳತೆ ನೋಡೋ, ಎಷ್ಟು ದೂರದಿಂದ ನೋಡಿದರೂ ಕೆಡಲ್ಲ” ಎಂದು ಕೈ ಮುಗಿದ.

ದಡದ ಹತ್ತಿರ ಮುಳುಗುವ ವಿದ್ಯೆಯನ್ನು ಕಲಿಸುವವರ ಕೊಠಡಿ. ಅಲ್ಲಿ ಒಬ್ಬೊಬ್ಬರಿಗೂ ಒಂದು ಕಾಗದ ಕೊಟ್ಟರು. ಈಜು ಬಾರದಿದ್ದರೂ ಶಿಕ್ಷಕನ ಕೈಹಿಡಿದು ಇಳಿಯಬಹುದು. ಆದರೆ ಆ ಕಾಗದದ ಪ್ರಶ್ನೆಗಳಿಗೆ ಮಾತ್ರ ಸತ್ಯವನ್ನೇ ಬರೆಯಬೇಕು. ಹೃದ್ರೋಗ ಉಂಟೆ? ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೆ? ಆಸ್ತಮಾ, ದೀರ್ಘಕಾಲದ ಕೆಮ್ಮು, ಶ್ವಾಸಕೋಶದ ತೊಂದರೆ ಉಂಟೆ?

ತಮ್ಮ ಸರಸರನೆ ‘ಇಲ್ಲ’ ಎಂದು ಗುರುತು ಹಾಕಿ ಮುಗಿಸಿದ. ಅಣ್ಣನ ಪೆನ್ನು ಕೊನೆಯ ಪ್ರಶ್ನೆಯ ಮುಂದೆ ನಿಂತಿತು.

ಉಳಿ ಸುತ್ತಿಗೆಗಳ ಕಾಲದಲ್ಲಿ ಕಲ್ಲು ಚಕ್ಕೆಯಾಗಿ ಸಿಡಿಯುತ್ತಿತ್ತು. ವಿದ್ಯುತ್ತಿನ ಕೊಯ್ಯುವ ಯಂತ್ರ ಬಂದ ಮೇಲೆ ಕೆಲಸ ಬೇಗನೆ ಸಾಗಿತು, ಕಲ್ಲು ಹಿಟ್ಟಾಯಿತು. ಆ ಹಿಟ್ಟಿನಲ್ಲಿರುವ ಸಿಲಿಕಾ ಎಂಬ ವಸ್ತುವಿನ ಕಣ್ಣಿಗೆ ಕಾಣದ ಕಣಗಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶದಲ್ಲಿ ಉಳಿದುಬಿಡುತ್ತವೆ. ಅವುಗಳ ಸುತ್ತ ಗಾಯದ ಕಲೆಯಂತೆ ಗಂಟುಗಳು ಬೆಳೆಯುತ್ತವೆ. ಸಿಲಿಕೋಸಿಸ್ ಎಂಬ ಈ ಬೇನೆ ಕೋಲಾರ ಜಿಲ್ಲೆಗೆ ಹೊಸದಲ್ಲ. 3 ಕಿಲೋಮೀಟರಿಗೂ ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿಯ ಕೆಲಸಗಾರರಲ್ಲಿ ಇದು 1940ರ ದಶಕದಷ್ಟು ಹಿಂದೆಯೇ ವೈದ್ಯರ ಕಣ್ಣಿಗೆ ಬಿದ್ದಿತ್ತು. ತನ್ನದು ಅದೇ ಬೇನೆಯೋ ಬರಿಯ ಕೆಮ್ಮೋ, ಅಣ್ಣನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಅವನು ಎಂದೂ ಹೋಗಿರಲಿಲ್ಲ.

“ಇಲ್ಲ ಅಂತ ಬರಿ ಅಣ್ಣಾ, ಇಷ್ಟು ದೂರ ಬಂದಿದೀವಿ” ಎಂದು ತಮ್ಮ ಪಿಸುಗುಟ್ಟಿದ.

ಶಿಕ್ಷಕ ಅದನ್ನು ಕೇಳಿಸಿಕೊಂಡನೋ ಏನೋ, ಹತ್ತಿರ ಬಂದು ಕುಳಿತು ನಿಧಾನವಾಗಿ ಹೇಳಿದ: “ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಒಂದು ಎದೆ ಗಾಳಿ, ಮೇಲಕ್ಕೆ ಬರುವಾಗ ಎರಡು ಎದೆಯಷ್ಟಾಗಿ ಹಿಗ್ಗುತ್ತದೆ. ಉಸಿರು ಬಿಡುತ್ತಾ ಬಂದರೆ ಭಯವಿಲ್ಲ. ಶ್ವಾಸಕೋಶದಲ್ಲಿ ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ಅದು ಒಳಗೇ ಹರಿಯಬಹುದು. ನಾವು ಕೇಳುವುದು ಅದಕ್ಕೇ.”

ಅಣ್ಣ ‘ಉಂಟು’ ಎಂಬ ಕಡೆ ಗುರುತು ಹಾಕಿದ. ಹದಿನೆಂಟು ವರ್ಷ ಯಾರೊಡನೆಯೂ ಆಡದಿದ್ದ ಮಾತನ್ನು ಅವನು ಹಾಗೆ, ಪರವೂರಿನಲ್ಲಿ, ಒಂದು ಗೀಟಿನಿಂದ ಒಪ್ಪಿಕೊಂಡ. ವೈದ್ಯರ ಅನುಮತಿಯಿಲ್ಲದೆ ಅವನು ಇಳಿಯುವಂತಿಲ್ಲ. ದೋಣಿಯಲ್ಲಿ ಜೊತೆಗೆ ಬರಬಹುದು ಎಂದು ತೀರ್ಮಾನವಾಯಿತು.

ಮರುದಿನ ಬೆಳಗ್ಗೆ ಯಾಂತ್ರಿಕ ದೋಣಿ ಹೊರಟಿತು. ಹಿಂದೆ ಶಿವನ ಮೂರ್ತಿ ಕುಗ್ಗುತ್ತ ಕುಗ್ಗುತ್ತ ಮನೆಯ ಗೂಡಿನ ಬೊಂಬೆಯಷ್ಟಾಯಿತು. ಗಂಟೆಯ ಮೇಲೆ ಸಾಗಿದ ನಂತರ ಮುಂದೆ ಹಸಿರು ಹೊದ್ದ ಗುಡ್ಡವೊಂದು ನೀರಿನಿಂದ ನೆಟ್ಟಗೆ ಎದ್ದುನಿಂತಿತು. ಬಿಳಿ ಹೊಟ್ಟೆಯ ಕಡಲ ಗರುಡನೊಂದು ಮೇಲೆ ಸುತ್ತುತ್ತಿತ್ತು. ಬಂಡೆಯ ಅಂಚಿನಲ್ಲಿ ಆಡುಗಳು ಕಂಡವು.

“ಅಲ್ಲಿ ಜಟ್ಟಿಗ ದೇವರಿದ್ದಾನೆ, ತಮ್ಮಾ” ಎಂದ ಮುದಿ ದೋಣಿಗಾರ. “ಮೀನುಗಾರರು ಹರಕೆ ಹೇಳಿಕೊಂಡು ಆಡು ಬಿಡುತ್ತಾರೆ. ಕಡಲಿನಲ್ಲಿ ಸಿಕ್ಕಿಬಿದ್ದಾಗ ನೆನೆಸಿಕೊಳ್ಳಲಿಕ್ಕೆ ಯಾರಾದರೂ ಬೇಕಲ್ಲ?”

ದೇವರ ಕಾವಲಿದ್ದರೂ ಈ ದ್ವೀಪ ನೆಮ್ಮದಿಯಾಗಿ ಇದ್ದುದಿಲ್ಲ. ಬಹುಕಾಲ ಇದರ ಒಂದು ಭಾಗ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾಯಿತು. ಪರಿಸರದ ಹಿತಚಿಂತಕರು ಅದನ್ನು ವಿರೋಧಿಸಿ ದನಿಯೆತ್ತಿದರು. ಪ್ರವಾಸಿಗರು ಹೆಚ್ಚಿದಂತೆ ಲಂಗರಿನ ಪೆಟ್ಟು, ಹರಿದ ಬಲೆ, ಪ್ಲಾಸ್ಟಿಕ್ಕಿನ ಕಸ ಎಂಬ ಬೇರೆ ಭಯಗಳು ಬಂದವು. ಗುಂಡಿಗಿಂತ ಮೆಲ್ಲಗೆ ಬರುವ ಕೇಡನ್ನು ಗುರುತಿಸುವುದು ಕಷ್ಟ.

ತಮ್ಮನಿಗೆ ಸಜ್ಜು ತೊಡಿಸಿದರು: ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಣ್ಣು ಮೂಗು ಮುಚ್ಚುವ ಗಾಜಿನ ಮುಸುಕು, ಬಾಯಲ್ಲಿ ಕಚ್ಚಿಕೊಳ್ಳುವ ಉಸಿರುಕೊಳವೆ. ಸಿಲಿಂಡರಿನಲ್ಲಿ ಇರುವುದು ಬರಿಯ ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಎಲ್ಲರೂ ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಎಳೆದಾಗ ಮಾತ್ರ, ಸುತ್ತಲ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವ ಕವಾಟವೇ ಈ ವಿದ್ಯೆಯ ಜೀವಾಳ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ಅಂಥ ಕವಾಟವುಳ್ಳ ಉಪಕರಣವನ್ನು ಸಿದ್ಧಗೊಳಿಸಿದ ಮೇಲೆ ಮನುಷ್ಯ ಕಡಲಿನಲ್ಲಿ ದಡದ ನಂಟು ಕಡಿದುಕೊಂಡು ಮೀನಿನಂತೆ ತಿರುಗುವುದು ಸುಲಭವಾಯಿತು.

ಶಿಕ್ಷಕ ಮೂರು ಮಾತು ಹೇಳಿದ. ಉಸಿರನ್ನು ಎಂದೂ ಕಟ್ಟಬಾರದು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಏನನ್ನೂ ಮುಟ್ಟಬಾರದು. ಕೈಸನ್ನೆಗಳನ್ನೂ ಕಲಿಸಿದ: ಹೆಬ್ಬೆರಳು ತೋರುಬೆರಳು ಸೇರಿಸಿದರೆ ‘ಎಲ್ಲ ಸರಿ’, ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ‘ಮೇಲೆ ಹೋಗೋಣ’.

ದೋಣಿಯ ಹತ್ತಿರವೇ ತಲೆ ಮುಳುಗಿಸಿ ಉಸಿರಾಟವನ್ನು ರೂಢಿಮಾಡಿಕೊಂಡದ್ದಾಯಿತು. ಮೊದಲ ಸಲ ಬಾಯಿ ಕಳಚಿಹೋಗಿ ಉಪ್ಪುನೀರು ಕುಡಿದು ಗಾಬರಿಯಾಗಿ ಮೇಲೆ ಬಂದ. ಎರಡನೆಯ ಸಲವೂ ಬಂದ. ಮೂರನೆಯ ಸಲ ದೋಣಿಯ ಮೇಲಿನಿಂದ ಅಣ್ಣ ಕೂಗಿದ: “ಲೋ, ಕುಸುರಿ ಕೆಲಸ ಮಾಡುವಾಗ ಹೇಗೆ ಉಸಿರಾಡ್ತೀಯೋ ಹಾಗೆ ಆಡೋ!” ನವಿರಾದ ಕುಸುರಿ ಮಾಡುವ ಶಿಲ್ಪಿಯ ಉಸಿರು ಕೈಯನ್ನು ಅಲುಗಿಸದಂತೆ ನೀಳವಾಗಿ, ಮೆಲ್ಲಗೆ ಹೋಗಿಬರುತ್ತದೆ. ಕಡಲು ಕೇಳುವುದೂ ಅಂಥ ಉಸಿರನ್ನೇ. ಆಮೇಲೆ ಅವನು ಮೇಲೆ ಬರಲಿಲ್ಲ.

ಹೊಸಬರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಆದರೆ ಆ 12 ಮೀಟರಿನೊಳಗೇ ಒಂದು ಲೋಕ ಮುಗಿದು ಇನ್ನೊಂದು ತೊಡಗುತ್ತದೆ. ಇಳಿದಂತೆಲ್ಲ ಬಣ್ಣಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಮೊದಲು ಮರೆಯಾಗುವುದು ಕೆಂಪು. ತಮ್ಮನ ಮುಂಗೈಗೆ ಕಟ್ಟಿದ್ದ ದೇವರ ಕೆಂಪು ದಾರ ಹತ್ತು ಮೀಟರ್ ತಲುಪುವ ವೇಳೆಗೆ ಮಣ್ಣಿನ ಬಣ್ಣಕ್ಕೆ ತಿರುಗಿತು. ನೀರೂ ಗಾಜೂ ಸೇರಿ ಎಲ್ಲವನ್ನೂ ಹತ್ತಿರಕ್ಕೆ ತಂದು ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗಿ ತೋರಿಸುತ್ತವೆ. ಅಳತೆಯಲ್ಲೇ ಬದುಕಿದವನಿಗೆ ತನ್ನ ಕೈಯೇ ಅಪರಿಚಿತವಾಯಿತು.

ಮತ್ತೆ ಮೀನು! ಹಳದಿ ಪಟ್ಟೆಯ ಚಿಟ್ಟೆಮೀನುಗಳ ಜೋಡಿ. ಬಂಡೆಯ ಬಿರುಕಿನಿಂದ ಬಾಯಿ ತೆರೆದು ಮುಚ್ಚುವ ಹಾವುಮೀನು. ಒಂದೇ ಮನಸ್ಸುಳ್ಳ ನೂರು ದೇಹಗಳಂತೆ ಒಮ್ಮೆಗೇ ಹೊರಳುವ ಬೆಳ್ಳಿಯ ಹಿಂಡು. ಅವು ತಿರುಗುವುದು ಬಾಲದಿಂದಷ್ಟೇ ಅಲ್ಲ. ಕುತ್ತಿಗೆಯಿಲ್ಲದ ಆ ದೇಹದಲ್ಲಿ ತಿರುವು ತಲೆಯ ಹಿಂದೆ ತೊಡಗಿ ಅಲೆಯಾಗಿ ಬಾಲಕ್ಕೆ ಹರಿಯುತ್ತದೆ. ಹುಡುಕಿ ಬಂದುದು ಸಿಕ್ಕಿತೆಂಬ ಹಿಗ್ಗಿನಲ್ಲಿ ತಮ್ಮ ಶಿಕ್ಷಕನತ್ತ ಹೆಬ್ಬೆರಳನ್ನೆತ್ತಿ ಕುಣಿಸಿದ. ಶಿಕ್ಷಕ ತಲೆಯಾಡಿಸಿ ಅವನನ್ನು ಮೇಲಕ್ಕೆ ಕರೆದೊಯ್ಯತೊಡಗಿದ! ಎರಡು ಮೀಟರ್ ಏರಿದ ಮೇಲೆ ಸನ್ನೆಯ ತಪ್ಪು ಹೊಳೆದು, ಕೈ ಅಡ್ಡಾಡಿಸಿ, ಬೆರಳು ಸೇರಿಸಿ ತೋರಿಸಿದ ನಂತರ ಮತ್ತೆ ಇಳಿದರು. ಮುಸುಕಿನ ಹಿಂದೆ ಶಿಕ್ಷಕನ ಕಣ್ಣು ನಗುತ್ತಿತ್ತು.

ಆಗ ಒಂದು ಸದ್ದು ಕೇಳಿಸಿತು. ಟಕ್, ಟಕ್, ಕರ್ರ್. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಅದು ಯಾವ ದಿಕ್ಕಿನದೆಂದು ಕಿವಿಗೆ ತಿಳಿಯದು. ಎಲ್ಲ ಕಡೆಯಿಂದಲೂ ಬಂದಂತೆ ತೋರುತ್ತದೆ. ಕಣ್ಣು ಮುಚ್ಚಿದ್ದರೆ ಅವನು ಶಿವಾರಪಟ್ಟಣದ ಬೀದಿಯಲ್ಲಿದ್ದಾನೆಂದೇ ತಿಳಿಯುತ್ತಿದ್ದ. ಶಿಕ್ಷಕ ಬೆರಳು ತೋರಿಸಿದ ಕಡೆ ಗಿಳಿಯ ಕೊಕ್ಕಿನಂಥ ಬಾಯಿಯ ಹಸಿರು ನೀಲಿ ಮೀನೊಂದು ಕಲ್ಲನ್ನು ಕಚ್ಚಿ ಕಚ್ಚಿ ತೆಗೆಯುತ್ತಿತ್ತು. ಗಿಳಿಮೀನಿನ ಹಲ್ಲುಗಳು ಬೆಸೆದು ಕೊಕ್ಕಾಗಿರುತ್ತವೆ. ಅದು ಕಲ್ಲಿನ ಮೇಲಿನ ಪಾಚಿಯನ್ನು ಕಲ್ಲಿನೊಡನೆ ಕೆತ್ತಿ ತಿಂದು, ಅರೆದು, ಮರಳಾಗಿ ಹೊರಬಿಡುತ್ತದೆ. ಕಡಲಿನ ತಳದಲ್ಲಿಯೂ ಒಬ್ಬ ಕಲ್ಲುಕುಟಿಗ!

ಅದು ಕೆತ್ತುತ್ತಿದ್ದ ಕಲ್ಲಿನ ಪಕ್ಕದಲ್ಲಿಯೇ ಇನ್ನೊಂದು ಕಲ್ಲು: ದುಂಡಾಗಿ, ಮೇಲೆಲ್ಲ ಕುಸುರಿಯ ಗೆರೆಗಳು, ಹೊಯ್ಸಳರ ಶಿಲ್ಪಿಯೂ ಮೆಚ್ಚುವಂಥ ಕೆಲಸ. ತಮ್ಮನ ಕೈ ತಾನಾಗಿ ಮುಂದಕ್ಕೆ ಹೋಯಿತು. ಕಲ್ಲನ್ನು ಕಂಡರೆ ಬೆರಳಿನಿಂದ ತಡವಿ ಅದರ ಗುಣವನ್ನು ಅರಿಯುವುದು ಹುಟ್ಟಿನಿಂದ ಬಂದ ರೂಢಿ. ಬೆರಳು ತಾಗುವುದಕ್ಕೆ ಒಂದು ಗೇಣು ಇರುವಾಗ ಶಿಕ್ಷಕ ಆ ಕೈಯನ್ನು ತನ್ನ ಕೈಯಲ್ಲಿ ಮುಚ್ಚಿ ಹಿಂದಕ್ಕೆ ತಂದ.

ಅದು ಕಲ್ಲಲ್ಲ, ಊರು. ಲೋಳೆಮೀನಿನ ಬಳಗದ ಸಾವಿರಾರು ಪುಟ್ಟ ಜೀವಿಗಳು ಒಂದರ ಪಕ್ಕ ಒಂದು ಕುಳಿತು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತಮ್ಮ ಕೆಳಗೆ ತಾವೇ ಕಟ್ಟಿಕೊಂಡ ಮನೆ. ಶಿಲ್ಪಿ ಕಲ್ಲಿನಿಂದ ಬೇಡದ್ದನ್ನು ತೆಗೆಯುತ್ತಾನೆ; ಹವಳದ ಹುಳು ಇಲ್ಲದ ಕಲ್ಲನ್ನು ಸೇರಿಸುತ್ತದೆ. ದುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಗಡಿಗೆಯಷ್ಟು ದೊಡ್ಡದಾಗಲು ಹತ್ತಾರು ವರ್ಷ ಬೇಕು. ಒಂದು ಕಾಲೊದೆತಕ್ಕೆ ಒಂದು ಕ್ಷಣ ಸಾಕು. ಬೆರಳು ತಾಗಿದರೂ ಅದರ ತೆಳುವಾದ ಮೈಪೊರೆ ಹರಿದು ರೋಗಕ್ಕೆ ದಾರಿಯಾಗುತ್ತದೆ.

ಲೋಕದ ಕಡಲುಗಳ ತಳದಲ್ಲಿ ಹವಳದ ದಿಬ್ಬಗಳಿರುವುದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ; ಆದರೆ ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗ ಅವನ್ನು ಆಶ್ರಯಿಸಿವೆ. ಹವಳಕ್ಕೆ ಬಣ್ಣವನ್ನೂ ಅನ್ನವನ್ನೂ ಕೊಡುವುದು ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ನೀರು ಮಿತಿಮೀರಿ ಬೆಚ್ಚಗಾದರೆ ಹವಳ ಆ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ತಂಪು ಬೇಗ ಮರಳದಿದ್ದರೆ ಹಸಿದು ಸಾಯುತ್ತದೆ. 1998, 2010 ಮತ್ತು 2014–17ರಲ್ಲಿ ಲೋಕವ್ಯಾಪಿಯಾಗಿ ಹೀಗಾಯಿತು; ನಾಲ್ಕನೆಯ ಸಲ ಆಗುತ್ತಿದೆಯೆಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಸಾರಿದರು. ಭಾರತದಲ್ಲಿ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷೆಯುಂಟು. ಹುಲಿಯನ್ನು ಕಾಯುವ ಕಾಯ್ದೆಯೇ ಇದನ್ನೂ ಕಾಯಬೇಕು. ಆದರೆ ಹತ್ತು ಮೀಟರ್ ನೀರಿನ ಕೆಳಗೆ ಕಾವಲುಗಾರನಿಲ್ಲ. ಅಲ್ಲಿ ಇಳಿದವನ ಕೈಯನ್ನು ಅವನೇ ಕಾಯಬೇಕು.

ಅರ್ಧಗಂಟೆ ಕಳೆದುದು ತಿಳಿಯಲಿಲ್ಲ. ತನ್ನ ಉಸಿರಿನ ಗುಳ್ಳೆಗಳಿಗಿಂತ ನಿಧಾನವಾಗಿ, ಬಿಡುತ್ತ ಎಳೆಯುತ್ತ, ತಮ್ಮ ಮೇಲೆ ಬಂದ. ಮುಸುಕು ತೆಗೆದೊಡನೆಯೇ ಮಾತು ನುಗ್ಗಿತು. ಅಣ್ಣ ಎಲ್ಲವನ್ನೂ ಕೇಳಿ ಕೊನೆಗೆ, “ಮುಟ್ಟಿದೆಯಾ?” ಎಂದ.

“ಇಲ್ಲ ಅಣ್ಣಾ. ಕೈ ಹೋಯ್ತು, ಬಿಡಲಿಲ್ಲ.”

“ಒಳ್ಳೇದಾಯ್ತು” ಎಂದ ಅಣ್ಣ. ದೋಣಿ ದಡದ ಕಡೆ ತಿರುಗಿದಾಗ ಅವನು ಇದ್ದಕ್ಕಿದ್ದಂತೆ ಹೇಳಿದ: “ಊರಿಗೆ ಹೋದ ಮೇಲೆ ಕೋಲಾರಕ್ಕೆ ಹೋಗಿ ಎದೆ ಫೋಟೋ ತೆಗೆಸ್ಕೋತೀನಿ ಕಣೋ.”

ತೆಗೆಸಿಕೊಂಡ. ಶ್ವಾಸಕೋಶದ ಮೇಲ್ಭಾಗದಲ್ಲಿ ಚುಕ್ಕೆಗಳಂಥ ನೆರಳು ಕಂಡಿತು. ಈ ಬೇನೆಯನ್ನು ಅಳಿಸುವ ಔಷಧವಿಲ್ಲ. ಧೂಳನ್ನು ಬಿಟ್ಟರೆ ಮುಂದುವರಿಯುವ ವೇಗ ತಗ್ಗೀತು ಎಂದು ವೈದ್ಯರು ತಿಳಿಸಿದರು. ಕಲ್ಲನ್ನು ಒಣಗಿದ್ದಾಗ ಕೊಯ್ಯಬಾರದು, ಮೂಗಿಗೆ ಬಟ್ಟೆ ಸಾಲದು, ಸರಿಯಾದ ಮುಸುಕು ಬೇಕು ಎಂದರು. ಈಗ ಆ ಮನೆಯ ಚಪ್ಪರದಲ್ಲಿ ಯಂತ್ರ ನಡೆಯುವಾಗ ಒಂದು ಕೊಳವೆಯಿಂದ ಕಲ್ಲಿನ ಮೇಲೆ ನೀರು ಸುರಿಯುತ್ತದೆ. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುವ ಊರಿನಲ್ಲಿ ಇದೇನು ದುಂದು ಎಂದು ಕೆಲವರು ಕೇಳಿದ್ದುಂಟು. ಕೆಳಗಿನ ತೊಟ್ಟಿಯಲ್ಲಿ ತಿಳಿಯಾದ ನೀರನ್ನೇ ಮತ್ತೆ ಮೇಲಕ್ಕೆ ಹಾಯಿಸುವುದನ್ನು ಅವರಿಗೆ ತೋರಿಸುತ್ತಾರೆ. ಕೊಯ್ಯುವ ಕೆಲಸ ಪೂರ್ತಿಯಾಗಿ ತಮ್ಮನದು, ಮೂಗು ಬಾಯಿ ಮುಚ್ಚಿದ ಮುಸುಕಿನೊಡನೆ. ಅಣ್ಣ ಗೆರೆ ಬರೆಯುತ್ತಾನೆ, ಅಳತೆ ಹಾಕುತ್ತಾನೆ.

ಪ್ರಭಾವಳಿ ಮುಗಿಯಿತು. ಮತ್ಸ್ಯ ಅವತಾರದ ತಿರುವು ತಲೆಯ ಹಿಂದೆ ತೊಡಗಿ ಅಲೆಯಾಗಿ ಬಾಲಕ್ಕೆ ಹರಿದಿತ್ತು. ಅಳತೆ ಎಲ್ಲಿಯೂ ಕೆಟ್ಟಿರಲಿಲ್ಲ. ಅಣ್ಣ ಬಹಳ ಹೊತ್ತು ನೋಡಿದ. ಆಮೇಲೆ ತಮ್ಮನ ಕಡೆ ತಿರುಗಿ, “ಇದನ್ನ ಮುಟ್ಟಬಹುದು ತಾನೆ?” ಎಂದು ನಕ್ಕು, ಕಲ್ಲಿನ ಮೇಲೆ ಕೈಯಿಟ್ಟ.